ಕೈಗೆ ಬಂದಾಗ ಹೇಗಿತ್ತು, ಕೈ ಬಿಟ್ಟಾಗ ಹೇಗಿತ್ತು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಓದುವ, ದುಡಿಯುವ ಮಕ್ಕಳನ್ನು ನೋಡಲು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ದಿನಗಳಲ್ಲಿ ಹೋಗಿಬಂದ ತಂದೆತಾಯಿಯರು ನಿಮ್ಮಲ್ಲಿ ಅನೇಕರಿದ್ದೀರಿ. ಶನಿವಾರ ಬಂತೆಂದರೆ ಅಲ್ಲಿನ ವಿಶ್ವವಿದ್ಯಾಲಯದ ಊರುಗಳ ಚಹರೆಯೇ ಬದಲಾಗುವುದನ್ನು ನೀವು ಕಂಡಿದ್ದೀರಿ. ಬೀದಿ ತುಂಬ ಒಂದೇ ಬಣ್ಣದ ಅಂಗಿ, ಲಕ್ಷ ಜನ ಹಿಡಿಸುವ ಕ್ರೀಡಾಂಗಣಗಳು. ಪಂದ್ಯ ಮುಗಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಚರ್ಚೆ: ಈ ಕೋಚ್ ಇರಬೇಕೋ, ಹೋಗಬೇಕೋ? ನಿಮ್ಮ ಮಕ್ಕಳೂ ಊಟದ ಮೇಜಿನಲ್ಲಿ ಅದನ್ನೇ ವಾದಿಸುತ್ತಾರೆ. ವಾದಿಸುವವರೆಲ್ಲರೂ ನೋಡುವುದು ಎಷ್ಟು ಗೆಲುವು, ಎಷ್ಟು ಸೋಲು, ಎಷ್ಟು ಪ್ರಶಸ್ತಿ ಎಂಬ ಒಂದೇ ಪಟ್ಟಿಯನ್ನು. ಆ ಪಟ್ಟಿಯನ್ನು ದಯವಿಟ್ಟು ಪಕ್ಕಕ್ಕಿಡಿ. ಕಾಲೇಜು ಫುಟ್‌ಬಾಲ್ ಕೋಚ್‌ನನ್ನು ಅಳೆಯಲು ಎರಡೇ ಪ್ರಶ್ನೆ ಕೇಳಬೇಕು. ತಂಡ ಅವನ ಕೈಗೆ ಬಂದಾಗ ಹೇಗಿತ್ತು? ಅವನು ಕೈ ಬಿಟ್ಟಾಗ ಹೇಗಿತ್ತು?

ಆಟದ ಬಗ್ಗೆ ಎರಡು ಮಾತು ಸಾಕು. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಒಂದು ಬದಿಗೆ ಹನ್ನೊಂದು ಜನ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಅಲ್ಲಿನ ವೃತ್ತಿಪರ ಲೀಗ್‌ನಲ್ಲಿ ಸೋತ ತಂಡಕ್ಕೆ ಮರುವರ್ಷ ಹೊಸ ಆಟಗಾರರನ್ನು ಆರಿಸುವ ಸರದಿ ಮೊದಲು ಬರುತ್ತದೆ. ಕಾಲೇಜಿನಲ್ಲಿ ಆ ಕರುಣೆ ಇಲ್ಲ. ಹೈಸ್ಕೂಲಿನ ಹುಡುಗನ ಮನೆಗೆ ಹೋಗಿ, ಅವನ ತಾಯಿಯ ಎದುರು ಕುಳಿತು, ನಮ್ಮಲ್ಲಿಗೇ ಕಳಿಸಿ ಎಂದು ಕೋಚ್ ತಾನೇ ಒಪ್ಪಿಸಬೇಕು. ಹೆಸರಿರುವ ತಂಡಕ್ಕೆ ಒಳ್ಳೆಯ ಹುಡುಗರು ತಾವಾಗಿ ಬರುತ್ತಾರೆ, ಹೆಸರಿಲ್ಲದ ತಂಡದ ಫೋನನ್ನು ಯಾರೂ ಎತ್ತುವುದಿಲ್ಲ. ಅಂದ ಮೇಲೆ ಎಲ್ಲ ಕೋಚ್‌ಗಳನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸುವುದು ಎಲ್ಲಿಯ ನ್ಯಾಯ? ತುಂಗಭದ್ರಾ ಕಾಲುವೆಯ ನೀರಿನಲ್ಲಿ ಭತ್ತ ಬೆಳೆದವನನ್ನೂ ಚಳ್ಳಕೆರೆಯ ಒಣಹೊಲದಲ್ಲಿ ಶೇಂಗಾ ತೆಗೆದವನನ್ನೂ ಮೂಟೆ ಎಣಿಸಿ ಹೋಲಿಸುತ್ತೀರಾ?

ಈಗ ಬಿಲ್ ಸ್ನೈಡರ್ ಅವರ ಕಥೆ ಹೇಳುತ್ತೇನೆ. ಈ ವಿಷಯದಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಕಥೆ ಇಲ್ಲ.

ಕ್ಯಾನ್ಸಸ್ ರಾಜ್ಯದಲ್ಲಿ ಮ್ಯಾನ್‌ಹಟನ್ ಎಂಬ ಊರಿದೆ. ನ್ಯೂಯಾರ್ಕಿನ ಮ್ಯಾನ್‌ಹಟನ್ ಅಲ್ಲ, ಗೋಧಿ ಹೊಲಗಳ, ಹುಲ್ಲುಗಾವಲುಗಳ ನಡುವಿನ ಸಣ್ಣ ಊರು. ಅಲ್ಲಿರುವುದು ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯ, ಕೃಷಿ ಶಿಕ್ಷಣಕ್ಕೆ ಹೆಸರಾದದ್ದು. ಫುಟ್‌ಬಾಲಿನಲ್ಲಿ ಅದು ಹೆಸರಾದದ್ದು ಸೋಲಿಗೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಐನೂರು ಪಂದ್ಯ ಸೋತ ಮೊದಲ ತಂಡ ಅದೇ. ಚೆನ್ನಾಗಿ ಆಡಿದ ತಂಡಗಳಿಗೆ ಋತುವಿನ ಕೊನೆಗೆ ಬೌಲ್ ಪಂದ್ಯದ ಆಹ್ವಾನ ಸಿಗುತ್ತದೆ. 1988ರವರೆಗಿನ ಅಷ್ಟೂ ವರ್ಷಗಳಲ್ಲಿ ಅವರಿಗೆ ಅದು ಸಿಕ್ಕಿದ್ದು ಒಂದೇ ಬಾರಿ, 1982ರಲ್ಲಿ. 1986ರ ಅಕ್ಟೋಬರ್‌ನಿಂದ ಆಚೆಗೆ ಅವರು ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಅಮೆರಿಕದ ದೊಡ್ಡ ಕ್ರೀಡಾ ಪತ್ರಿಕೆಯೊಂದು ಈ ತಂಡದ ವ್ಯರ್ಥ ಪ್ರಯತ್ನಗಳ ಬಗ್ಗೆ ದೀರ್ಘ ಲೇಖನವನ್ನೇ ಬರೆಯಿತು.

ಇಂಥ ತಂಡ 1988ರ ಕೊನೆಯಲ್ಲಿ ಸ್ನೈಡರ್ ಅವರ ಕೈಗೆ ಬಂತು. ಅವರಿಗೆ ಆಗ ನಲವತ್ತೊಂಬತ್ತು ವರ್ಷ. ಅಯೋವಾ ವಿಶ್ವವಿದ್ಯಾಲಯದಲ್ಲಿ ಹೇಡನ್ ಫ್ರೈ ಅವರ ಕೈಕೆಳಗೆ ಆಕ್ರಮಣದ ಆಟ ರೂಪಿಸುತ್ತಿದ್ದ ಮಿತಭಾಷಿ. 1989ರ ಸೆಪ್ಟೆಂಬರ್ 30ರಂದು ನಾರ್ತ್ ಟೆಕ್ಸಸ್ ತಂಡದ ಎದುರು ಗಡಿಯಾರದ ಸಮಯ ಪೂರ್ತಿ ಮುಗಿದಿತ್ತು. ಕೊನೆಯ ಎಸೆತದಲ್ಲಿ ಕಾರ್ಲ್ ಸ್ಟ್ರಾ ಚೆಂಡು ತೂರಿದರು, ಫ್ರ್ಯಾಂಕ್ ಹೆರ್ನಾಂಡೆಜ್ ಹಿಡಿದರು. 20-17ರಿಂದ ಕ್ಯಾನ್ಸಸ್ ಸ್ಟೇಟ್ ಗೆದ್ದಿತು! ಸುಮಾರು ಮೂರು ವರ್ಷಗಳ ಬಳಿಕ ಬಂದ ಗೆಲುವು ಅದು. ಆ ವರ್ಷ ಅವರು ಮತ್ತೆ ಗೆಲ್ಲಲಿಲ್ಲ. ಆಡಿದ್ದು ಹನ್ನೊಂದು, ಗೆದ್ದದ್ದು ಒಂದು.

ಮುಂದಿನ ವರ್ಷ ಐದು ಗೆಲುವು, ಅದರ ಮುಂದೆ ಏಳು, ಆಮೇಲೆ ಮತ್ತೆ ಐದು. ನಾಲ್ಕು ವರ್ಷ ಕೂಡಿಸಿದರೆ 18 ಗೆಲುವು, 26 ಸೋಲು. ಪಟ್ಟಿ ಮಾತ್ರ ನೋಡುವವರು ಈ ಮನುಷ್ಯನನ್ನು ಅಲ್ಲಿಗೇ ಮನೆಗೆ ಕಳಿಸುತ್ತಿದ್ದರು. ಕೈಗೆ ಬಂದಾಗ ಹೇಗಿತ್ತು ಎಂದು ಕೇಳಿದವರಿಗೆ ಅದೇ ಅಂಕಿಯಲ್ಲಿ ಬೇರೆಯೇ ಸಂಗತಿ ಕಂಡಿತು. ಸ್ನೈಡರ್ ಟೆಕ್ಸಸ್, ಫ್ಲಾರಿಡಾಗಳ ಪ್ರಸಿದ್ಧ ಹುಡುಗರ ಬೆನ್ನು ಹತ್ತಲಿಲ್ಲ. ತಮ್ಮದೇ ರಾಜ್ಯದ ಎರಡು ವರ್ಷದ ಸಣ್ಣ ಕಾಲೇಜುಗಳಲ್ಲಿ ಆಡುತ್ತಿದ್ದ, ಯಾರಿಗೂ ಬೇಡವಾದವರನ್ನು ಕರೆತಂದರು. ಋತುವಿನ ಆರಂಭಕ್ಕೆ ದುರ್ಬಲ ಎದುರಾಳಿಗಳನ್ನು ಗೊತ್ತುಮಾಡಿಕೊಂಡರು. ಇದಕ್ಕಾಗಿ ಅವರನ್ನು ಹಂಗಿಸಿದವರಿದ್ದಾರೆ, ಈಗಲೂ ಹಂಗಿಸುತ್ತಾರೆ. ಸೋತು ಸೋತು ಸುಸ್ತಾದ ಹುಡುಗರಿಗೆ ಗೆಲುವಿನ ರುಚಿ ಹತ್ತಿಸುವುದಕ್ಕೆ ಬೇರೆ ಯಾವ ದಾರಿ ಇತ್ತು ಎಂದು ಆ ಪಂಡಿತರನ್ನು ಕೇಳಿದರೆ ಉತ್ತರ ಬರುವುದಿಲ್ಲ. ನೇರಳೆ ಶಾಯಿಯಲ್ಲಿ ತಾವೇ ಪತ್ರ ಬರೆಯುವುದು ಸ್ನೈಡರ್ ಅವರ ಅಭ್ಯಾಸ. ಗಾಯಗೊಂಡ ಎದುರಾಳಿ ಆಟಗಾರರಿಗೂ ಬರೆಯುತ್ತಿದ್ದರು.

ಆಮೇಲೆ ಫಸಲು ಬಂತು. 1993ರಿಂದ 2003ರವರೆಗೆ ಸತತ ಹನ್ನೊಂದು ವರ್ಷ ಬೌಲ್ ಆಹ್ವಾನ. 1997ರಿಂದ 2000ದವರೆಗೆ ನಾಲ್ಕು ವರ್ಷ, ಪ್ರತಿ ವರ್ಷ ಹನ್ನೊಂದು ಗೆಲುವು. 1968ರಿಂದ ಒಮ್ಮೆಯೂ ಮಣಿಸಲಾಗದಿದ್ದ ನೆಬ್ರಾಸ್ಕಾವನ್ನು 1998ರಲ್ಲಿ 40-30ರಿಂದ ಸೋಲಿಸಿದರು. ಅದೇ ವರ್ಷ ದೇಶಕ್ಕೇ ಮೊದಲ ಸ್ಥಾನದಲ್ಲಿದ್ದರು. ಆದರೆ ಡಿಸೆಂಬರ್‌ನಲ್ಲಿ ತಾವು ಸೇರಿದ್ದ ವಿಶ್ವವಿದ್ಯಾಲಯಗಳ ಗುಂಪಾದ ಬಿಗ್ 12 ಕೂಟದ ಅಂತಿಮ ಪಂದ್ಯದಲ್ಲಿ ಟೆಕ್ಸಸ್ ಎ ಅಂಡ್ ಎಂ ಎದುರು ಎರಡು ಹೆಚ್ಚುವರಿ ಅವಧಿಗಳ ಬಳಿಕ 36-33ರಿಂದ ಸೋತರು. ಆ ಸೋಲನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. 2003ರಲ್ಲಿ ಅದೇ ಕೂಟದ ಅಂತಿಮ ಪಂದ್ಯದಲ್ಲಿ, ದೇಶದ ಮೊದಲ ಸ್ಥಾನದಲ್ಲಿದ್ದ ಓಕ್ಲಹೋಮಾವನ್ನು 35-7ರಿಂದ ಬಗ್ಗುಬಡಿದರು.

2005ರಲ್ಲಿ ನಿವೃತ್ತರಾದರು. ಮೂರೇ ವರ್ಷದಲ್ಲಿ ತಂಡ ಮತ್ತೆ ಕುಸಿಯಿತು. ವಿಶ್ವವಿದ್ಯಾಲಯ ಅರವತ್ತೊಂಬತ್ತರ ಸ್ನೈಡರ್ ಅವರನ್ನೇ ಮರಳಿ ಕರೆಯಿತು. 2012ರಲ್ಲಿ ಅವರು ಮತ್ತೆ ಬಿಗ್ 12 ಕೂಟದ ಪ್ರಶಸ್ತಿ ತಂದರು. 2018ರಲ್ಲಿ ಎದ್ದು ಹೊರಟಾಗ ಅವರ ಲೆಕ್ಕ 215 ಗೆಲುವು, 117 ಸೋಲು, ಒಂದು ಸಮ. ರಾಷ್ಟ್ರೀಯ ಪ್ರಶಸ್ತಿ ಒಂದೂ ಇಲ್ಲ. ಎಷ್ಟು ಕಪ್ ಗೆದ್ದಿದ್ದಾರೆ ಎಂದು ಮಾತ್ರ ಕೇಳುವವರಿಗೆ ಈ ಮನುಷ್ಯ ಲೆಕ್ಕಕ್ಕೇ ಇಲ್ಲ! ಓಕ್ಲಹೋಮಾದ ಹಳೆಯ ಕೋಚ್ ಬ್ಯಾರಿ ಸ್ವಿಟ್ಜರ್ ಮಾತ್ರ ಸ್ನೈಡರ್ ಅವರನ್ನು ಶತಮಾನದ ಕೋಚ್ ಎಂದೇ ಕರೆದರು. ಸ್ನೈಡರ್ ಬಿಟ್ಟುಹೋದ ತಂಡ ನಾಲ್ಕೇ ವರ್ಷದಲ್ಲಿ, 2022ರಲ್ಲಿ, ಕ್ರಿಸ್ ಕ್ಲೀಮನ್ ಅವರ ಕೈಯಲ್ಲಿ ಮತ್ತೊಮ್ಮೆ ಕೂಟ ಗೆದ್ದಿತು. ಕೈ ಬಿಟ್ಟಾಗ ಹೇಗಿತ್ತು ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ.

ಗಡಿಯಾರ ನನ್ನನ್ನು ಅವಸರಿಸುತ್ತಿದೆ. ಪಕ್ಕದ ರಾಜ್ಯ ನೆಬ್ರಾಸ್ಕಾಕ್ಕೆ ಬನ್ನಿ. ಅಲ್ಲಿ ಟಾಮ್ ಆಸ್ಬೋರ್ನ್ ಇಪ್ಪತ್ತೈದು ವರ್ಷ ಕೋಚ್ ಆಗಿದ್ದು, ಒಂದು ವರ್ಷವೂ ಒಂಬತ್ತಕ್ಕಿಂತ ಕಡಿಮೆ ಗೆಲ್ಲಲಿಲ್ಲ. ಆದರೂ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು ಇಪ್ಪತ್ತೆರಡನೆಯ ವರ್ಷ, 1994ರಲ್ಲಿ. ಅವರ ನಂತರ ಬಂದ ಫ್ರ್ಯಾಂಕ್ ಸೋಲಿಚ್ ಆರು ವರ್ಷದಲ್ಲಿ 58 ಗೆದ್ದು 19 ಸೋತರು. 2003ರಲ್ಲಿ ಒಂಬತ್ತು ಗೆಲುವು, ಮೂರು ಸೋಲು ಇದ್ದಾಗ ಅದು ಸಾಲದೆಂದು ಅವರನ್ನು ತೆಗೆದುಹಾಕಿದರು. ಮರುವರ್ಷವೇ ನೆಬ್ರಾಸ್ಕಾದ ಸೋಲುಗಳು ಗೆಲುವುಗಳನ್ನು ಮೀರಿದವು, 1961ರಿಂದ ಈಚೆಗೆ ಮೊದಲ ಬಾರಿಗೆ. ಆ ಹಳೆಯ ಎತ್ತರವನ್ನು ನೆಬ್ರಾಸ್ಕಾ ಮತ್ತೆ ಮುಟ್ಟಿಲ್ಲ. ತಪ್ಪು ಅಳತೆಗೋಲು ಹಿಡಿದವರಿಗೆ ಬೀಳುವ ದಂಡ ಇಷ್ಟು ದೊಡ್ಡದು.

ಇದರ ಇನ್ನೊಂದು ಮಗ್ಗುಲು: ಪ್ರಶಸ್ತಿ ಗೆದ್ದ ಮಾತ್ರಕ್ಕೂ ಕೋಚ್ ದೊಡ್ಡವನಾಗುವುದಿಲ್ಲ. ಜೀನ್ ಚಿಝಿಕ್ ಅವರ ಆಬರ್ನ್ ತಂಡ 2010ರಲ್ಲಿ ಕ್ಯಾಮ್ ನ್ಯೂಟನ್ ಎಂಬ ಅದ್ಭುತ ಆಟಗಾರನ ಬಲದಿಂದ ಹದಿನಾಲ್ಕಕ್ಕೆ ಹದಿನಾಲ್ಕೂ ಗೆದ್ದಿತು. ನ್ಯೂಟನ್ ಹೋದರು, 2012ರಲ್ಲಿ ಅದೇ ಆಬರ್ನ್ ಹನ್ನೆರಡರಲ್ಲಿ ಮೂರು ಗೆದ್ದಿತು.

ಲೂಸಿಯಾನಾದ ಗ್ರ್ಯಾಂಬ್ಲಿಂಗ್ ಎಂಬ ಕಪ್ಪು ಜನರ ಕಾಲೇಜಿನಲ್ಲಿ 1941ರಿಂದ 1997ರವರೆಗೆ ಕೋಚ್ ಆಗಿದ್ದ ಎಡ್ಡಿ ರಾಬಿನ್ಸನ್ ಅವರ ಬಗ್ಗೆಯೇ ಒಂದು ಪೂರ್ತಿ ಭಾಷಣ ಮಾಡಬೇಕು. 408 ಗೆಲುವು ಅವರದು. ಕಪ್ಪು ಹುಡುಗರಿಗೆ ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿದ್ದ ಕಾಲದಿಂದ ಆರಂಭಿಸಿ, ಇನ್ನೂರಕ್ಕೂ ಹೆಚ್ಚು ಆಟಗಾರರನ್ನು ಅವರು ವೃತ್ತಿಪರ ಲೀಗ್‌ಗಳಿಗೆ ಕಳಿಸಿದರು. ಅವರ ಕೈಗೆ ಬಂದದ್ದು ಏನು, ಅವರು ಬಿಟ್ಟುಹೋದದ್ದು ಏನು, ನೀವೇ ಯೋಚಿಸಿ.

ಕೊನೆಯದಾಗಿ, ಎಷ್ಟು ವರ್ಷ ಕಾಯಬೇಕು ಎಂದು ಕೇಳುತ್ತೀರಿ. ಹಿಂದೆ ನಾಲ್ಕು ವರ್ಷ ಬೇಕಿತ್ತು. ಈಗ ಆಟಗಾರರು ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗಬಹುದು, 2021ರಿಂದ ತಮ್ಮ ಹೆಸರಿನ ಮೇಲೆ ಹಣವನ್ನೂ ಗಳಿಸಬಹುದು. ಇಂಡಿಯಾನಾ ತಂಡ 2023ರಲ್ಲಿ ಗೆದ್ದದ್ದು ಮೂರು. ಹೊಸ ಕೋಚ್ ಕರ್ಟ್ ಸಿಗ್ನೆಟ್ಟಿ ತಮ್ಮ ಹಿಂದಿನ ತಂಡ ಜೇಮ್ಸ್ ಮ್ಯಾಡಿಸನ್‌ನ ಆಟಗಾರರನ್ನೂ ಜೊತೆಗೆ ಕರೆದುಕೊಂಡು ಬಂದರು, 2024ರಲ್ಲಿ ಗೆದ್ದದ್ದು ಹನ್ನೊಂದು. ಆದ್ದರಿಂದ ಈಗ ಎರಡು ವರ್ಷ ಸಾಕು. ನಿಮ್ಮ ಮಕ್ಕಳ ವಿಶ್ವವಿದ್ಯಾಲಯಕ್ಕೆ ಹೊಸ ಕೋಚ್ ಬಂದರೆ, ಹಿಂದಿನ ಹತ್ತು ವರ್ಷಗಳ ಫಲಿತಾಂಶವನ್ನು ಮಕ್ಕಳಿಂದಲೇ ತೆಗೆಸಿ ಒಂದು ಹಾಳೆಯಲ್ಲಿ ಬರೆಸಿಟ್ಟುಕೊಳ್ಳಿ. ಎರಡು ವರ್ಷ ಆ ಹಾಳೆಯನ್ನು ಪಕ್ಕದಲ್ಲೇ ಇಟ್ಟುಕೊಂಡು ಪಂದ್ಯ ನೋಡಿ.

ನಮಸ್ಕಾರ.