ಮಿದುಳಿಗೆ ಹೋದ ಗ್ಲೂಕೋಸ್ ಏನಾಯಿತು?

ಕೇಳುಗರಿಗೆ ನಮಸ್ಕಾರ. ಮುಂಜಾನೆ ಸೂಸಲ ತಿನ್ನಿ, ಮಧ್ಯಾಹ್ನ ಜೋಳದ ರೊಟ್ಟಿ ತಿನ್ನಿ, ಹೆಚ್ಚಿನ ಪಾಲು ರಕ್ತಕ್ಕೆ ಸೇರುವುದು ಗ್ಲೂಕೋಸ್ ಆಗಿಯೇ. ದೇಹದ ತೂಕದಲ್ಲಿ ಶೇಕಡಾ 2ರಷ್ಟಿರುವ ಮಿದುಳು, ನಾವು ಸುಮ್ಮನೆ ಕೂತಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಶೇಕಡಾ 20ನ್ನು ತಾನೇ ಬಳಸುತ್ತದೆ.

ಪೆಟ್ ಸ್ಕ್ಯಾನ್‌ನಲ್ಲಿ ಚುಚ್ಚುವ ವಿಕಿರಣಶೀಲ ಸಕ್ಕರೆ ಜೀವಕೋಶದೊಳಗೆ ಹೋಗಿ ಮೊದಲ ಮೆಟ್ಟಿಲಲ್ಲೇ ಸಿಕ್ಕಿಬೀಳುತ್ತದೆ. ಯಾವ ಭಾಗ ಎಷ್ಟು ಎಳೆದುಕೊಂಡಿತು ಎಂಬುದು ಗೊತ್ತಾಗುತ್ತದೆ. ಉರಿಸಿತೋ, ಹುಳಿ ಮಾಡಿ ಹೊರಹಾಕಿತೋ, ಅದು ಗೊತ್ತಾಗದು. ನನಗೆ ಮುಖ್ಯ ಅನಿಸುವುದು ಈ ಎರಡನೆಯ ಪ್ರಶ್ನೆಯೇ.

ಅದಕ್ಕೆ ಉತ್ತರ ಕೊಡುವ, ಅಯಸ್ಕಾಂತದ ಎಂಆರ್‌ಐ ಯಂತ್ರದಲ್ಲಿ ಮಾಡುವ ಒಂದು ವಿಧಾನವನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಮನುಷ್ಯರ ಮಿದುಳಿನಲ್ಲೇ ಮಾಡಿ ತೋರಿಸಿದರು. ಗ್ಲೂಕೋಸಿನ ಆರನೆಯ ಇಂಗಾಲಕ್ಕೆ ಅಂಟಿದ ಎರಡು ಹೈಡ್ರೋಜನ್ ತೆಗೆದು, ಅಲ್ಲಿ ಡ್ಯೂಟೀರಿಯಂ ಕೂಡಿಸಿರುತ್ತಾರೆ. ಡ್ಯೂಟೀರಿಯಂ ಅಂದರೆ ಭಾರದ ಹೈಡ್ರೋಜನ್, ವಿಕಿರಣ ಸೂಸುವುದಿಲ್ಲ. ರಾತ್ರಿಯಿಂದ ಉಪವಾಸವಿದ್ದವರಿಗೆ ತೂಕದ ಪ್ರತಿ ಕಿಲೋಗೆ 0.75 ಗ್ರಾಂ, ಸಾಮಾನ್ಯವಾಗಿ 60 ಗ್ರಾಂ ಮೀರದಂತೆ, ನೀರಿನಲ್ಲಿ ಕರಗಿಸಿ ಕುಡಿಸುತ್ತಾರೆ. ಕಾಲುಂಗುರ, ತಾಯತ, ಬೆಳ್ಳಿ ಉಡದಾರ ಎಲ್ಲ ಹೊರಗೇ. ಸುಮಾರು ಒಂದು ಗಂಟೆ ಬಿಟ್ಟು ಸ್ಕ್ಯಾನ್.

ಕಲಬುರಗಿಯಲ್ಲಿ ತಲೆಗೆ ಮಾಡಿಸುವ ಎಂಆರ್‌ಐ ಸಾಮಾನ್ಯ ಹೈಡ್ರೋಜನ್ನಿನ ದನಿ ಕೇಳುತ್ತದೆ. ಅಯಸ್ಕಾಂತದ ಬಲ 3 ಟೆಸ್ಲಾ ಇರುವ ಯಂತ್ರದಲ್ಲಿ ಆ ದನಿಯ ಕಂಪನ ಸುಮಾರು 128 ಮೆಗಾಹರ್ಟ್ಸ್. ಡ್ಯೂಟೀರಿಯಂ 20ರ ಹತ್ತಿರ. ಹಾಗಾಗಿ ದನಿ ಹಿಡಿಯಲು ಬೇರೆ ಕಾಯಿಲ್ ಅಂದರೆ ತಂತಿಸುರುಳಿ, ಬೇರೆ ಆಂಪ್ಲಿಫಯರ್ ಬೇಕು. ದನಿ ಕ್ಷೀಣ, ಚಿತ್ರದ ಚೌಕಗಳು ಎರಡು ಮೂರು ಸೆಂಟಿಮೀಟರ್ ದಪ್ಪ. ಆದರೆ ಒಮ್ಮೆ ದನಿ ಕೊಟ್ಟ ಮೇಲೆ ಡ್ಯೂಟೀರಿಯಂ ಬೇಗ ಸುಧಾರಿಸಿಕೊಳ್ಳುವುದರಿಂದ ಸೆಕೆಂಡಿಗೆ ಮೂರು ಸಲ ಅಳೆದು ಕೂಡಿಸಬಹುದು.

ಈ ದನಿಯನ್ನು ಸ್ವರ ಸ್ವರವಾಗಿ ಬಿಡಿಸಿಟ್ಟ ವರ್ಣಪಟಲದಲ್ಲಿ ನಾಲ್ಕು ಶಿಖರ, ಜಾಗ ಹೇಳುವುದು ಪಿಪಿಎಂ ಅಳತೆಯಲ್ಲಿ: 4.8ರಲ್ಲಿ ನೀರು, 3.8ರಲ್ಲಿ ಗ್ಲೂಕೋಸ್, 2.4ರಲ್ಲಿ ಗ್ಲುಟಮೇಟ್ ಮತ್ತು ಗ್ಲುಟಮೈನ್ ಎಂಬ ಅಮೈನೋ ಆಮ್ಲಗಳು ಒಟ್ಟಾಗಿ, 1.3ರಲ್ಲಿ ಲ್ಯಾಕ್ಟೇಟ್, ಅಂದರೆ ಆಗಲೇ ಹೇಳಿದ ಹುಳಿ. 2.4ರ ಶಿಖರ ಎತ್ತರವಾಗಿದ್ದರೆ ಸಕ್ಕರೆ ಆಮ್ಲಜನಕದೊಂದಿಗೆ ಉರಿಯುತ್ತಿದೆ. ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರ್ ಗೆಡ್ಡೆಯಲ್ಲಿ ಅದು ಕುಗ್ಗಿ, ಲ್ಯಾಕ್ಟೇಟ್ ಏಳುತ್ತದೆ.

ಇಲ್ಲಿ ಎಡವುವ ಜಾಗಗಳಿವೆ. ನೆತ್ತಿಯ ಚರ್ಮದಡಿಯ ಕೊಬ್ಬೂ 1.3ರಲ್ಲೇ ಕಾಣುತ್ತದೆ, ಅಂಚಿನ ಚೌಕಗಳ ಲ್ಯಾಕ್ಟೇಟ್ ನಂಬಬೇಡಿ. ನೀರಿನ ಶಿಖರವೇ ಅಳತೆಗೋಲು, ಆದರೆ ಗ್ಲೂಕೋಸ್ ಒಡೆದಂತೆ ಡ್ಯೂಟೀರಿಯಂ ನೀರಿಗೂ ಸೇರಿ ಆ ಶಿಖರವೇ ಬೆಳೆಯುತ್ತದೆ. ಅದಕ್ಕೇ ಕುಡಿಸುವ ಮೊದಲೇ ಒಂದು ಸ್ಕ್ಯಾನ್ ತೆಗೆದಿಡಬೇಕು. ಒಂದು ಗ್ಲೂಕೋಸ್ ಪೈರುವೇಟ್ ಎಂಬ ಎರಡು ತುಂಡುಗಳಾಗಿ ಸೀಳಿದಾಗ ಡ್ಯೂಟೀರಿಯಂ ಗುರುತು ಉಳಿಯುವುದು ಒಂದರಲ್ಲಿ ಮಾತ್ರ. ಲೆಕ್ಕದಲ್ಲಿ ಇದನ್ನೂ ಸರಿದೂಗಿಸಬೇಕು.

ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಮೊದಲೇ ಇರುವ ಗುರುತಿಲ್ಲದ ಗ್ಲೂಕೋಸ್, ಕುಡಿಸಿದ್ದನ್ನು ತೆಳುವಾಗಿಸುತ್ತದೆ. ಆಗಾಗ ರಕ್ತ ತೆಗೆದು ಗುರುತಿನ ಪಾಲು ನೋಡದಿದ್ದರೆ ಶಿಖರಗಳ ಅನುಪಾತ ಸಿಗುತ್ತದೆ, ನಿಮಿಷಕ್ಕೆ ಎಷ್ಟು ಗ್ಲೂಕೋಸ್ ಖರ್ಚಾಯಿತು ಎಂಬ ಲೆಕ್ಕ ಸಿಗುವುದಿಲ್ಲ. ನಮಸ್ಕಾರ.