ಸೊಂಟದ ನೋವು ಕಾಲಿಗಿಳಿದಾಗ

ಕೇಳುಗರಿಗೆ ನಮಸ್ಕಾರ.

ಡೊಂಬಿವಲಿಯಿಂದ ಲೋಕಲ್‌ನಲ್ಲಿ ನಿಂತೇ ಫೋರ್ಟಿಗೆ ಹೋಗುವವರು, ಮಾಟುಂಗದ ಹೋಟೆಲುಗಳಲ್ಲಿ ಅಕ್ಕಿಮೂಟೆ ಇಳಿಸುವವರು, ಗ್ರೈಂಡರಿನಿಂದ ಹಿಟ್ಟು ಎತ್ತುವವರು. ಮುಂಬಯಿಯ ನಮ್ಮವರಲ್ಲಿ ಸೊಂಟನೋವು ಕಾಣದ ಮನೆ ಕಡಿಮೆ. ಆದರೆ ಸೊಂಟದಿಂದ ಹೊರಟು ತೊಡೆಯ ಹಿಂಭಾಗ, ಮೀನಖಂಡ ದಾಟಿ ಪಾದದವರೆಗೆ ಕರೆಂಟು ಹೊಡೆದಂತೆ ಇಳಿಯುವ ನೋವಿನ ಮಾತೇ ಬೇರೆ. ಕೆಮ್ಮಿದರೂ ಸೀನಿದರೂ ಅದು ಜೋರಾಗುತ್ತದೆ.

ಬೆನ್ನುಮೂಳೆಯ ಮಣಿಗಳ ನಡುವಿನ ಡಿಸ್ಕಿಗೆ ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ಮೆತ್ತನೆಯ ತಿರುಳು. ಸುತ್ತು ಬಿರುಕು ಬಿಟ್ಟರೆ ತಿರುಳು ಹೊರಚಾಚಿ, ಕಾಲಿಗಿಳಿಯುವ ಪಕ್ಕದ ನರದ ಬೇರನ್ನು ಒತ್ತುತ್ತದೆ, ಕೆರಳಿಸುತ್ತದೆ. ಹೆಚ್ಚಾಗಿ ಸೊಂಟದ ಕೊನೆಯ ಎರಡು ಡಿಸ್ಕುಗಳದ್ದೇ ಈ ತಕರಾರು. 1934ರಲ್ಲಿ ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು ಇದನ್ನು ವಿವರಿಸಿ ಬರೆದ ಮೇಲೆ ಡಿಸ್ಕಿನ ಆಪರೇಷನ್ನುಗಳು ಹೆಚ್ಚಿದವು. ಆದರೆ ಹೊರಬಂದ ತಿರುಳನ್ನು ಎಷ್ಟೋ ಸಲ ದೇಹವೇ ಮೆಲ್ಲಗೆ ಕರಗಿಸಿಬಿಡುತ್ತದೆ. ಹೆಚ್ಚಿನವರ ನೋವು 6ರಿಂದ 12 ವಾರಗಳಲ್ಲಿ ಆಪರೇಷನ್ ಇಲ್ಲದೆಯೇ ಇಳಿಯುತ್ತದೆ.

ಹಾಗಾದರೆ ಆ ವಾರಗಳನ್ನು ಕಳೆಯುವುದು ಹೇಗೆ? ಒಂದೆರಡು ದಿನ ಮಲಗಿ, ಸಾಕು. ಆಮೇಲೆ ತಡೆಯುವಷ್ಟು ನಡೆದಾಡಿ. ಭಾರ ಎತ್ತಬೇಡಿ ಎಂದು ನಾನು ಹೇಳಬಹುದು, ಹೋಟೆಲಿನ ಧಣಿಯೂ ಒಪ್ಪಬೇಕಲ್ಲ! ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನವರ ಮಾತಿನ ಮೇಲೆ ವಾರಗಟ್ಟಲೆ ನುಂಗಬೇಡಿ. ಹೊಟ್ಟೆ, ಕಿಡ್ನಿ ಎರಡಕ್ಕೂ ಅಪಾಯ. ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ಮಾಡುವಾಗ ಪಾದದ ನೋವು ಮೇಲೆ ಸರಿದು ಸೊಂಟದಲ್ಲಷ್ಟೇ ಉಳಿದರೆ, ಸೊಂಟ ತುಸು ಹೆಚ್ಚೇ ನೊಂದರೂ ಹೆದರಬೇಡಿ. ಅದು ಗುಣವಾಗುವ ಲಕ್ಷಣ. ನರ ಬಿಡಿಸುತ್ತೇನೆಂದು ಸೊಂಟ ತಿರುಚುವವರ ಕೈಗೆ ಮಾತ್ರ ಸಿಕ್ಕಬೇಡಿ.

ಎಮ್‌ಆರ್‌ಐ ವರದಿ ಓದಿ ಎದೆಗುಂದುವವರೇ ಹೆಚ್ಚು. ನೋವೇ ಇಲ್ಲದ ಎಷ್ಟೋ ಜನರ ಡಿಸ್ಕೂ ಉಬ್ಬಿರುತ್ತದೆ. ವರದಿಯಲ್ಲಿ ಕಂಡ ನರವೂ ನೋಯುವ ಕಾಲೂ ತಾಳೆಯಾದರಷ್ಟೇ ಅದಕ್ಕೆ ಬೆಲೆ.

ಬೆನ್ನಿಗೆ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ಕೆಲವರಿಗೆ ಕೆಲವು ವಾರ ಆರಾಮ ಕೊಡುತ್ತದೆ, ಅಷ್ಟೇ. ತಿಂಗಳೆರಡು ಕಳೆದರೂ ಕಾಲುನೋವು ಬಗ್ಗದಿದ್ದರೆ, ಒತ್ತುತ್ತಿರುವ ತುಣುಕನ್ನು ಸಣ್ಣ ಗಾಯದಲ್ಲೇ ತೆಗೆಯುವ ಆಪರೇಷನ್ ಇದೆ. ಅದರಿಂದ ತಗ್ಗುವುದು ಮುಖ್ಯವಾಗಿ ಕಾಲಿನ ನೋವು. ಸೊಂಟನೋವಿಗೆ ಆ ಭರವಸೆ ಇಲ್ಲ. 2007ರಲ್ಲಿ ಪ್ರಕಟವಾದ ಡಚ್ ಅಧ್ಯಯನವೊಂದರಲ್ಲಿ ಬೇಗ ಆಪರೇಷನ್ ಆದವರ ನೋವು ಬೇಗ ಇಳಿಯಿತು. ಆದರೆ ವರ್ಷ ತುಂಬುವಾಗ ಅವರಿಗೂ ಕಾದು ನೋಡಿದವರಿಗೂ ಹೆಚ್ಚು ವ್ಯತ್ಯಾಸ ಉಳಿದಿರಲಿಲ್ಲ. ಮೊದಲ ಸಲದ ಸಾದಾ ಡಿಸ್ಕಿಗೇ ಸ್ಕ್ರೂ, ರಾಡು ಹಾಕಬೇಕೆಂದು ಯಾರಾದರೂ ಹೇಳಿದರೆ, ಪರೇಲಿನ ಕೆಇಎಮ್ಮಿಗೋ ಸಾಯನ್ ಆಸ್ಪತ್ರೆಗೋ ಹೋಗಿ ಇನ್ನೊಬ್ಬರನ್ನು ಕೇಳಿ.

ಮೇಲೆ ಹೇಳಿದ ಕಾಯುವ ಮಾತು ಕೆಲವರಿಗೆ ಅನ್ವಯಿಸುವುದಿಲ್ಲ. ಮೂತ್ರ ಕಟ್ಟಿದರೆ, ಅಥವಾ ಗೊತ್ತಿಲ್ಲದೆ ಹೋದರೆ, ಮಲದ್ವಾರದ ಸುತ್ತ, ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಎರಡೂ ಕಾಲು ಸೋತರೆ, ಅಥವಾ ಪಾದ ಎತ್ತಲಾಗದೆ ಚಪ್ಪಲಿ ಜಾರತೊಡಗಿದರೆ ಬೆಳಗಾಗಲಿ ಎಂದು ಕೂರಬೇಡಿ. ಆ ರಾತ್ರಿಯೇ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ನಮಸ್ಕಾರ.