ಮೊದಲು ಬಿಸಿನೀರು, ಆಮೇಲೆ ಕರೆಂಟು

ಕೇಳುಗರಿಗೆಲ್ಲ ನಮಸ್ಕಾರ.

ಪುಣೆಯಲ್ಲಿ ಈಗ ಸೋಲಾರ್ ಅಂದ ಕೂಡಲೇ ಎಲ್ಲರೂ ಪ್ಯಾನೆಲ್ ಮಾತೇ ತೆಗೆಯುತ್ತಾರೆ. ಕರೆಂಟಿನ ಮಾತು ಸ್ವಲ್ಪ ತಡೆಯಲಿ. ಮೊದಲು ಸ್ನಾನದ ನೀರು, ಒಲೆಯ ಉರಿ ನೋಡೋಣ. ಕಡಿಮೆ ದುಡ್ಡಿಗೆ ಕೆಲಸ ಆಗುವುದು ಅಲ್ಲಿ.

ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 50ಕ್ಕೆ ಏರಿಸಲು ಸುಮಾರು ಮೂರೂವರೆ ಯೂನಿಟ್ ಬೇಕು. ಬಿಸಿಲಿದ್ದ ದಿನ ತಾರಸಿಯ ಸೋಲಾರ್ ಹೀಟರ್ ಅಷ್ಟನ್ನೂ ಪುಕ್ಕಟೆ ಕೊಡುತ್ತದೆ. ಮುಖ ದಕ್ಷಿಣಕ್ಕಿರಲಿ, ನೆರಳು ಬೀಳದಿರಲಿ. ಬೋರ್‌ವೆಲ್ಲಿನ ಗಡಸು ನೀರಾದರೆ ಒಳಗೆ ಬಿಳಿ ಪೊರೆ ಕಟ್ಟುತ್ತದೆ, ಆಗಾಗ ತೆಗೆಸಬೇಕು. ಜುಲೈ ಮಳೆಗೆ ಹಳೆಯ ಗೀಸರ್ ಬೇಕಾಗುತ್ತದೆ, ಮಾರಿಬಿಡಬೇಡಿ.

ಇನ್ನು ಒಲೆ. ಇದಕ್ಕೊಂದು ದಾರಿ ನಮ್ಮ ಪುಣೆಯಲ್ಲೇ ಹುಟ್ಟಿದ್ದು. ಡಾ. ಆನಂದ ಕರ್ವೆಯವರು ಕಟ್ಟಿದ ಅಪ್ರೋಪ್ರಿಯೇಟ್ ರೂರಲ್ ಟೆಕ್ನಾಲಜಿ ಇನ್‌ಸ್ಟಿಟ್ಯೂಟಿನ ಪುಟ್ಟ ಬಯೋಗ್ಯಾಸ್ ಘಟಕಕ್ಕೆ 2006ರಲ್ಲಿ ಬ್ರಿಟನ್ನಿನ ಆಶ್‌ಡೆನ್ ಪ್ರಶಸ್ತಿ ಬಂತು. ಎರಡು ಪ್ಲಾಸ್ಟಿಕ್ ಟ್ಯಾಂಕುಗಳ ಬಾಯಿ ಕೊಯ್ದು, ಸಣ್ಣದನ್ನು ದೊಡ್ಡದರೊಳಗೆ ಬೋರಲು ಇಳಿಸಿದ್ದಾರೆ, ಅಷ್ಟೇ. ಒಳಗೆ ಹಾಕಿದ್ದು ಕೊಳೆತು ಗ್ಯಾಸ್ ತುಂಬಿದಂತೆ ಮೇಲಿನ ಟ್ಯಾಂಕ್ ಏಳುತ್ತದೆ, ಉರಿಸಿದಂತೆ ಕೂರುತ್ತದೆ. ಎಷ್ಟು ಉಳಿದಿದೆ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಶುರುವಿಗೆ ಮಾತ್ರ ಸಗಣಿ. ಆಮೇಲೆ ಗಂಜಿ, ಹಳಸಿದ ಅನ್ನ, ಹುಳ ಬಿದ್ದ ಜೋಳದ ಹಿಟ್ಟು, ಕೊಳೆತ ಬಾಳೆಹಣ್ಣು. ಇಂಥ ಎರಡು ಕಿಲೋ ಪಿಷ್ಟ ನಲವತ್ತು ಕಿಲೋ ಸಗಣಿಗೆ ಸಮ ಎಂಬುದು ಸಂಸ್ಥೆಯ ಲೆಕ್ಕ. ದನ ಮೇವಿನ ಸತ್ವವನ್ನು ಆಗಲೇ ಹೀರಿಕೊಂಡಿರುತ್ತದಲ್ಲ!

ನಿಂಬೆ ಸಿಪ್ಪೆ, ಈರುಳ್ಳಿ ಸಿಪ್ಪೆ, ಮೊಟ್ಟೆ ಚಿಪ್ಪು ಹಾಕಬೇಡಿ. ಆಸೆಗೆ ಬಿದ್ದು ಹೆಚ್ಚು ಸುರಿದರೆ ಒಳಗೆಲ್ಲ ಹುಳಿಯಾಗಿ ಗ್ಯಾಸೇ ನಿಂತುಹೋಗುತ್ತದೆ. ಡಿಸೆಂಬರ್ ಚಳಿಗೂ ಗ್ಯಾಸ್ ಕಮ್ಮಿ. ಇದಿದ್ದರೆ ಸಿಲಿಂಡರೇ ಬೇಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾಲ್ಕನೇ ಮಹಡಿಯ ಬಾಲ್ಕನಿಗೆ ಇದು ಹೇಳಿದ್ದಲ್ಲ. ಅಂಗಳವೋ ಸ್ವಂತ ತಾರಸಿಯೋ ಇದ್ದವರು ಧೈರ್ಯವಾಗಿ ಮಾಡಬಹುದು.

ಇಷ್ಟಾದ ಮೇಲೆ ಪ್ಯಾನೆಲ್. ಒಂದು ಕಿಲೋವ್ಯಾಟಿಗೆ ನೂರು ಚದರಡಿ ಜಾಗ ಬೇಕು, ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಬರುತ್ತದೆ. 2024ರ ಫೆಬ್ರವರಿಯಲ್ಲಿ ಶುರುವಾದ ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮನೆಗಳಿಗೆ ಒಂದು ಕಿಲೋವ್ಯಾಟಿಗೆ 30,000 ರೂಪಾಯಿ, ಎರಡಕ್ಕೆ 60,000, ಮೂರು ಅಥವಾ ಅದಕ್ಕಿಂತ ಹೆಚ್ಚಿದ್ದರೆ 78,000 ರೂಪಾಯಿ ಸಹಾಯಧನ ಇದೆ. ಹೌಸಿಂಗ್ ಸೊಸೈಟಿಯ ಲಿಫ್ಟ್, ಪಂಪು, ಮೆಟ್ಟಿಲ ದೀಪಗಳಿಗಾದರೆ ಕಿಲೋವ್ಯಾಟಿಗೆ 18,000. ನಮ್ಮಲ್ಲಿ ಹೆಚ್ಚಿನವರು ಇರುವುದು ಫ್ಲ್ಯಾಟಿನಲ್ಲಿ, ತಾರಸಿ ಎಲ್ಲರದ್ದು. ಹಾಗಾಗಿ ಈ ಕೊನೆಯದೇ ನಮಗೆ ಹೊಂದುವುದು. ಮುಂದಿನ ವಾರ್ಷಿಕ ಸಭೆಗೆ ಒಂದು ವರ್ಷದ ಕಾಮನ್ ಮೀಟರಿನ ಬಿಲ್ಲು ಜೋಡಿಸಿಕೊಂಡು ಹೋಗಿ, ಠರಾವು ಮಾಡಿಸಿ. ಮರಾಠಿಯಲ್ಲಿ ಒಂದಿಷ್ಟು ವಾದ ಮಾಡಬೇಕಾದೀತು. ಪುಣೆಯಲ್ಲಿ ಇಷ್ಟು ವರ್ಷ ಇದ್ದವರಿಗೆ ಅದೇನು ಹೊಸದೇ?

ನಮಸ್ಕಾರ.